ಪರೀಕ್ಷೆ ಡೇರಿಯಲ್ಲಷ್ಟೇ ಅಲ್ಲ, ಕೊಟ್ಟಿಗೆಯಲ್ಲೂ ಆಗಲಿ



ದಿನಕ್ಕೆ ಎರಡು ಸಲ ನೀವು ಡೇರಿಗೆ ಹಾಲು ತರುತ್ತೀರಿ. ಎರಡು ಸಲವೂ ನಿಮ್ಮ ಹಾಲಿನ ಪರೀಕ್ಷೆ ನಡೆಯುತ್ತದೆ. ಫ್ಯಾಟ್ ಇಷ್ಟು, ಎಸ್.ಎನ್.ಎಫ್. ಇಷ್ಟು, ಹಣ ಇಷ್ಟು ಎಂದು ಚೀಟಿ ಬರುತ್ತದೆ. ಹುಲ್ಲು ಕೊಯ್ದವರು ನೀವು, ಸಗಣಿ ಬಾಚಿದವರು ನೀವು, ಹಾಲು ಕರೆದವರು ನೀವು. ಆದರೆ ಆ ಹಾಲು ಹೇಗಿದೆ ಎಂದು ಹೇಳುವವರು ಮಾತ್ರ ಬೇರೆಯವರು. ಅವರು ಹೇಳಿದ ಮೇಲೆಯೇ ನಿಮಗೆ ತಿಳಿಯುತ್ತದೆ.

"ಡಿಗ್ರಿ ಬಂದಿಲ್ಲ" ಎಂಬ ಒಂದು ಮಾತು ಸಾಲಿನಲ್ಲಿ ನಿಂತವರೆದುರು ಬಂದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಯಾರೂ ಬಾಯಿಬಿಟ್ಟು ಹೇಳದಿದ್ದರೂ "ನೀರು ಬೆರೆಸಿರಬೇಕು" ಎಂಬ ನೋಟ ಬೀಳುತ್ತದೆ. ಮನೆಗೆ ಬಂದರೆ ಅಲ್ಲೂ ಅದೇ ಪ್ರಶ್ನೆ. ನೀರು ಬೆರೆಸದ ಹೆಣ್ಣುಮಗಳು ತಲೆ ತಗ್ಗಿಸಿ ನಿಲ್ಲುವುದನ್ನು ನಾನು ಹಳ್ಳಿಗಳಿಗೆ ಹೋದಾಗ ನೋಡಿದ್ದೇನೆ. ಆಕೆಯ ಬಳಿ ಉತ್ತರ ಇರುವುದಿಲ್ಲ. ಕಾರಣ ಹಸುವಿನ ಕೆಚ್ಚಲಲ್ಲಿರಬಹುದು, ಮೇವಿನಲ್ಲಿರಬಹುದು, ತೊಳೆದ ಕ್ಯಾನಿನ ತಳದಲ್ಲಿ ಉಳಿದ ನೀರಿನಲ್ಲಿರಬಹುದು. ಅದನ್ನು ಹುಡುಕುವ ದಾರಿ ಆಕೆಗೆ ಯಾರೂ ತೋರಿಸಿಲ್ಲ.

ಹಾಲಿನ, ರಾಸಿನ ಮೊದಲ ಪರೀಕ್ಷೆ ಕೊಟ್ಟಿಗೆಯಲ್ಲೇ, ಹಾಲು ಕರೆಯುವವಳ ಕೈಯಲ್ಲೇ ಆಗಬೇಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಪ್ರಯೋಗಾಲಯ ಬೇಡ, ಓದು ಹೆಚ್ಚು ಬೇಡ. ನಾಲ್ಕು ಲೋಟ, ಒಂದು ಕಪ್ಪು ಬಟ್ಟೆ, ಒಂದು ಅಳತೆ ಟೇಪು, ಒಂದು ಲ್ಯಾಕ್ಟೋಮೀಟರ್, ಗೋಡೆಯ ಕ್ಯಾಲೆಂಡರು, ಪೆನ್ನು ಇದ್ದರೆ ಸಾಕು.

ನಿಮಗೆ ಪ್ರಯೋಗ ಹೊಸದಲ್ಲ

ಚಳಿಗಾಲದಲ್ಲಿ ಹಾಲಿಗೆ ಹೆಪ್ಪು ಸ್ವಲ್ಪ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ ಹಾಕಬೇಕೆಂದು ನಿಮಗೆ ಯಾವ ಮೇಷ್ಟರು ಕಲಿಸಿದರು? ಹಾಕಿ ನೋಡಿದಿರಿ. ಹುಳಿಯಾಯಿತು. ಮರುದಿನ ಕಡಿಮೆ ಹಾಕಿದಿರಿ. ಸರಿಯಾಯಿತು. ವಿಜ್ಞಾನಿಗಳು ಮಾಡುವುದೂ ಇದನ್ನೇ. ಅವರು ಎರಡು ಕೆಲಸ ಮಾತ್ರ ಹೆಚ್ಚು ಮಾಡುತ್ತಾರೆ. ಒಂದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತಾರೆ. ಎರಡು, ಕಂಡದ್ದನ್ನು ಅಂದೇ ಬರೆದಿಡುತ್ತಾರೆ.

ಈ ಎರಡು ನಿಯಮಗಳು ಬಹಳ ಮುಖ್ಯ. ಒಂದೇ ವಾರದಲ್ಲಿ ಹಿಂಡಿ ಬದಲಿಸಿ, ಖನಿಜ ಮಿಶ್ರಣ ಶುರು ಮಾಡಿ, ಜಂತುಹುಳು ಔಷಧಿಯನ್ನೂ ಕುಡಿಸಿದರೆ, ಹಾಲು ಒಂದು ಲೀಟರ್ ಏರಿದಾಗ ಯಾವುದರಿಂದ ಏರಿತು ಎಂದು ಹೇಳಲು ಸಾಧ್ಯವೇ? ಹಿಂಡಿ ಮಾರಿದವರು ತಮ್ಮ ಹಿಂಡಿಯಿಂದ ಎನ್ನುತ್ತಾರೆ, ಔಷಧಿ ಮಾರಿದವರು ತಮ್ಮ ಔಷಧಿಯಿಂದ ಎನ್ನುತ್ತಾರೆ. ದುಡ್ಡು ಕೊಟ್ಟ ನಿಮಗೆ ಮಾತ್ರ ಗೊತ್ತಾಗುವುದಿಲ್ಲ. ಒಂದೊಂದಾಗಿ ಮಾಡಿ, ಬರೆದಿಟ್ಟರೆ ಯಾರ ಮಾತನ್ನು ನಂಬಬೇಕೆಂದು ನೀವೇ ತೀರ್ಮಾನಿಸಬಹುದು.

ಈಗ ಒಂದೊಂದೇ ಪರೀಕ್ಷೆಗೆ ಬರೋಣ.

ಡಿಗ್ರಿಯ ಗುಟ್ಟು

ಡೇರಿಯಲ್ಲಿ "ಡಿಗ್ರಿ" ಎನ್ನುವುದು ಲ್ಯಾಕ್ಟೋಮೀಟರ್ ತೋರಿಸುವ ಅಂಕಿ. ನೀರಿಗಿಂತ ಹಾಲು ಎಷ್ಟು ಗಟ್ಟಿ ಎಂಬುದನ್ನು ಅದು ಹೇಳುತ್ತದೆ. ಹಸುವಿನ ಒಳ್ಳೆಯ ಹಾಲಿನಲ್ಲಿ ಅದು ಸಾಮಾನ್ಯವಾಗಿ 26ರಿಂದ 32ರ ನಡುವೆ ನಿಲ್ಲುತ್ತದೆ. ಡಿಗ್ರಿ ನಾಲ್ಕು ಇಳಿದರೆ ಎಸ್.ಎನ್.ಎಫ್. ಸುಮಾರು ಒಂದು ಇಳಿಯುತ್ತದೆ.

ಮೊದಲ ಪ್ರಯೋಗ: ಈಗ ತಾನೇ ಕರೆದ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು ಅಂಕಿ ಬರೆದುಕೊಳ್ಳಿ. ಅದೇ ಹಾಲಿನ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಅರ್ಧ ಗಂಟೆ ಇಟ್ಟು, ನಿಧಾನವಾಗಿ ಕಲಕಿ, ನೊರೆ ತೆಗೆದು ಮತ್ತೆ ನೋಡಿ. ಅಂಕಿ ಏರಿರುತ್ತದೆ. ಹಾಲು ಬದಲಾಗಿಲ್ಲ, ಅದರ ಬಿಸಿ ಬದಲಾಗಿದೆ. ಬೆಚ್ಚಗಿನ ಹಾಲು ಡಿಗ್ರಿ ಕಡಿಮೆ ತೋರಿಸುತ್ತದೆ. ಅದಕ್ಕಾಗಿಯೇ ಲ್ಯಾಕ್ಟೋಮೀಟರಿನ ಮೇಲೆ ಯಾವ ಉಷ್ಣಾಂಶಕ್ಕೆ ಅದನ್ನು ಮಾಡಲಾಗಿದೆ ಎಂದು ಬರೆದಿರುತ್ತದೆ, ಹಾಲು ಅದಕ್ಕಿಂತ ಬಿಸಿ ಇದ್ದರೆ ಅಂಕಿಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಇದು ಗೊತ್ತಿದ್ದವರು "ಹಾಲು ಇನ್ನೂ ಬೆಚ್ಚಗಿದೆ, ಬಿಸಿ ನೋಡಿ ಲೆಕ್ಕ ಹಾಕಿದ್ದೀರಾ?" ಎಂದು ಕೇಳಬಹುದು. ಅದು ಜಗಳವಲ್ಲ, ಸರಿಯಾದ ಪ್ರಶ್ನೆ.

ಎರಡನೆಯ ಪ್ರಯೋಗ: ತಣ್ಣಗಾದ ಹಾಲನ್ನು 900 ಮಿಲಿ ಲೀಟರ್ ಅಳೆದುಕೊಳ್ಳಿ. ಡಿಗ್ರಿ 30 ಇದೆ ಎಂದುಕೊಳ್ಳಿ. ಅದಕ್ಕೆ 100 ಮಿಲಿ ಲೀಟರ್ ನೀರು ಸೇರಿಸಿ ನೋಡಿ. ಅಂಕಿ 27ರ ಹತ್ತಿರ ಬರುತ್ತದೆ. ಈ ಹಾಲು ಡೇರಿಗೆ ಹೋಗಬಾರದು, ಮನೆಯ ಕಾಫಿಗೆ ಇಟ್ಟುಕೊಳ್ಳಿ. ಈಗ ಲೆಕ್ಕ ಹಾಕಿ: ಕ್ಯಾನ್ ತೊಳೆದು ನೀರು ಬಸಿಯದೆ ಹಾಗೇ ತಂದರೆ, ತಳದಲ್ಲಿ ಕಾಲು ಲೀಟರ್ ನೀರು ಉಳಿದಿದ್ದರೆ, ಐದು ಲೀಟರ್ ಹಾಲಿನ ಡಿಗ್ರಿ ಸುಮಾರು ಒಂದೂವರೆಯಷ್ಟು ಬೀಳುತ್ತದೆ. ಯಾರೂ ಮೋಸ ಮಾಡಲಿಲ್ಲ, ಆದರೂ ಡಿಗ್ರಿ ಹೋಯಿತು. ತೊಳೆದ ಕ್ಯಾನನ್ನು ಬೋರಲು ಹಾಕಿ ಒಣಗಿಸಿದರೆ ಈ ತೊಂದರೆ ಇಲ್ಲ.

ನೀರು ಬೆರೆಸದೆಯೂ, ಕ್ಯಾನ್ ಒಣಗಿಸಿಯೂ ದಿನದಿನವೂ ಡಿಗ್ರಿ ಕಡಿಮೆ ಬರುತ್ತಿದ್ದರೆ ಹಸುವಿನ ಕಡೆ ನೋಡಬೇಕು. ಬರೀ ಒಣಹುಲ್ಲಿನ ಮೇಲೆ ನಿಂತ ಹಸು, ಬಿಸಿಲಿನಿಂದ ಬಳಲಿದ ಹಸು, ಒಳಗೊಳಗೇ ಕೆಚ್ಚಲು ಬಾವು ಇರುವ ಹಸು, ಈ ಮೂವರ ಹಾಲಿನಲ್ಲೂ ಎಸ್.ಎನ್.ಎಫ್. ಇಳಿಯುತ್ತದೆ.

ಮೊದಲ ಹಾಲು, ಕೊನೆಯ ಹಾಲು

ಇನ್ನು ಫ್ಯಾಟ್. ಒಂದು ದಿನ ಹಾಲು ಕರೆಯುವಾಗ ಮೂರು ಗಾಜಿನ ಲೋಟ ಇಟ್ಟುಕೊಳ್ಳಿ. ಶುರುವಿನ ಹಾಲು ಒಂದರಲ್ಲಿ, ನಡುವಿನದು ಇನ್ನೊಂದರಲ್ಲಿ, ಕಟ್ಟಕಡೆಯ ಹಾಲು ಮೂರನೆಯದರಲ್ಲಿ. ಮುಚ್ಚಿ, ತಣ್ಣನೆಯ ಜಾಗದಲ್ಲಿ ಐದಾರು ಗಂಟೆ ಅಲುಗಾಡಿಸದೆ ಇಡಿ. ಮೇಲೆ ಕಟ್ಟಿದ ಕೆನೆಯನ್ನು ನೋಡಿ. ಮೊದಲ ಲೋಟದಲ್ಲಿ ತೆಳು ಗೆರೆ, ಕೊನೆಯ ಲೋಟದಲ್ಲಿ ದಪ್ಪ ಪದರ. ಮೊದಲ ಹಾಲಿನಲ್ಲಿ ಫ್ಯಾಟ್ ಶೇ. 1ರಿಂದ 2ರಷ್ಟೇ ಇರಬಹುದು, ಕೊನೆಯ ಹಾಲಿನಲ್ಲಿ ಶೇ. 6ನ್ನೂ ದಾಟಬಹುದು. ಬೇಕಾದರೆ ಡೇರಿಯ ಹಾಲು ಪರೀಕ್ಷಕಿಗೆ ಹೇಳಿ ಎರಡನ್ನೂ ಬೇರೆ ಬೇರೆ ಪರೀಕ್ಷೆ ಮಾಡಿಸಿ ನೋಡಿ.

ನಮ್ಮ ಕಡೆ ಬಹಳ ಮನೆಗಳಲ್ಲಿ ಕೊನೆಯ ಹಾಲನ್ನು ಕರುವಿಗೆ ಬಿಡುವ ರೂಢಿ ಇದೆ. ಕರುವಿಗೆ ಹಾಲು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆನೆಯೆಲ್ಲ ಕರುವಿಗೆ ಹೋಗಿ ತೆಳು ಹಾಲು ಡೇರಿಗೆ ಬಂದಾಗ ಫ್ಯಾಟ್ ಕಡಿಮೆ ಬಂತೆಂದು ಯಂತ್ರವನ್ನು ಬೈದರೆ ಪ್ರಯೋಜನವಿಲ್ಲ. ಕರುವನ್ನು ಮೊದಲೇ ಬಿಟ್ಟು, ಅದರ ಪಾಲು ಕುಡಿಸಿ, ಹಸು ಸೊರ ಬಿಟ್ಟ ಮೇಲೆ ಕೊನೆಯ ಹನಿಯವರೆಗೆ ಕರೆಯಿರಿ. ಅಥವಾ ಕರುವಿನ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು ಹಾಲನ್ನು ದಿನಕ್ಕೆ ಅಳೆದು ಪಾತ್ರೆಯಲ್ಲಿ ಕುಡಿಸಿ.

ಸೊರ ಬಿಡುವುದಕ್ಕೂ ಒಂದು ಲೆಕ್ಕವಿದೆ. ಕೆಚ್ಚಲು ತೊಳೆದು ಸವರಿದಾಗ ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಬರುತ್ತದೆ. ಅದರ ಕೆಲಸ ಐದರಿಂದ ಏಳು ನಿಮಿಷ ಮಾತ್ರ. ಕೆಚ್ಚಲು ತೊಳೆದಿಟ್ಟು ಒಳಗೆ ಹೋಗಿ ಒಲೆ ನೋಡಿ ಬಂದರೆ ಆ ಹೊತ್ತು ಮುಗಿದಿರುತ್ತದೆ, ಕೆನೆಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಎರಡು ದಿನ ತೊಳೆದ ತಕ್ಷಣ ಕರೆದು, ಎರಡು ದಿನ ತಡ ಮಾಡಿ ಕರೆದು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಇದಕ್ಕಾಗಿ ಆಕ್ಸಿಟೋಸಿನ್ ಇಂಜೆಕ್ಷನ್ ಚುಚ್ಚುವುದು ಮಾತ್ರ ಬೇಡ. ಹಸು ತಾನೇ ಕೊಡುವುದನ್ನು ಸೂಜಿಯಿಂದ ಕಿತ್ತುಕೊಳ್ಳಬೇಕಾಗಿಲ್ಲ.

ಕಾಣದ ಕೆಚ್ಚಲು ಬಾವು

ಈ ಲೇಖನದಲ್ಲಿ ಒಂದೇ ಒಂದು ಪರೀಕ್ಷೆ ಮಾಡಲು ನಿಮಗೆ ಸಮಯವಿದ್ದರೆ ಇದನ್ನು ಮಾಡಿ ಎನ್ನುತ್ತೇನೆ. ಕೆಚ್ಚಲು ಊದಿ, ಕೆಂಪಾಗಿ, ಹಸು ಒದೆಯಲು ಶುರುಮಾಡಿದಾಗ ಎಲ್ಲರಿಗೂ ತಿಳಿಯುತ್ತದೆ. ಆದರೆ ಕಾಣುವ ಬಾವಿಗಿಂತ ಕಾಣದ ಬಾವೇ ಹೆಚ್ಚು. ಹಾಲು ಬೆಳ್ಳಗೇ ಇರುತ್ತದೆ, ಹಸು ಮೇಯುತ್ತಿರುತ್ತದೆ, ದಿನಕ್ಕೆ ಅರ್ಧ ಲೀಟರೋ ಒಂದು ಲೀಟರೋ ಸದ್ದಿಲ್ಲದೆ ಹೋಗುತ್ತಿರುತ್ತದೆ.

ದಿನವೂ ಮಾಡಬೇಕಾದದ್ದು: ಒಂದು ಲೋಟದ ಬಾಯಿಗೆ ಕಪ್ಪು ಬಟ್ಟೆ ಕಟ್ಟಿ. ಪ್ರತಿ ತೊಟ್ಟಿನಿಂದ ಮೊದಲ ಎರಡು ಮೂರು ಧಾರೆಯನ್ನು ಅದರ ಮೇಲೆ ಹಿಂಡಿ. ಬಿಳಿ ತರಿ, ಚೂರು, ನೀರಿನಂಥ ಹಾಲು, ರಕ್ತದ ಎಳೆ ಕಂಡರೆ ಆ ತೊಟ್ಟಿಗೆ ರೋಗ ಬಂದಿದೆ ಎಂದರ್ಥ. ಮೊದಲ ಧಾರೆಯನ್ನು ನೆಲಕ್ಕೋ ನಿಮ್ಮ ಅಂಗೈಗೋ ಹಿಂಡಬೇಡಿ. ರೋಗ ಅಲ್ಲಿಂದಲೇ ಇನ್ನೊಂದು ತೊಟ್ಟಿಗೆ, ಇನ್ನೊಂದು ಹಸುವಿಗೆ ಹೋಗುತ್ತದೆ. ಬಟ್ಟೆಯನ್ನು ದಿನವೂ ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ.

ಹದಿನೈದು ದಿನಕ್ಕೊಮ್ಮೆ ಮಾಡಬೇಕಾದದ್ದು ಸೋಪಿನ ಪುಡಿಯ ಪರೀಕ್ಷೆ.

1. ಬಟ್ಟೆ ಒಗೆಯುವ ಪುಡಿಯನ್ನು 15 ಗ್ರಾಂ ತೂಗಿಸಿಕೊಂಡು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ.
2. ನಾಲ್ಕು ಚಿಕ್ಕ ಬಟ್ಟಲು ಇಡಿ. ಪ್ರತಿ ತೊಟ್ಟಿಗೆ ಒಂದು ಬಟ್ಟಲು. ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ, ಹಿಂದಿನ ಬಲ ಎಂದು ಗುರುತು ಮಾಡಿ.
3. ಮೊದಲ ಧಾರೆಗಳನ್ನು ಬಿಟ್ಟು, ಪ್ರತಿ ಬಟ್ಟಲಿಗೂ ಎರಡು ಚಮಚದಷ್ಟು ಹಾಲು ಹಿಂಡಿ.
4. ಅಷ್ಟೇ ಪ್ರಮಾಣದ ಸೋಪಿನ ನೀರು ಸೇರಿಸಿ, ಬಟ್ಟಲನ್ನು ಅರ್ಧ ನಿಮಿಷದಿಂದ ಒಂದು ನಿಮಿಷ ಮೆಲ್ಲಗೆ ಸುತ್ತಾಡಿಸಿ.
5. ವಾಲಿಸಿ ನೋಡಿ. ನೀರಿನಂತೆ ಹರಿದರೆ ಸರಿ. ಲೋಳೆಯಂತೆ ಗಟ್ಟಿಯಾಗಿ ಎಳೆ ಎಳೆಯಾಗಿ ಬಂದರೆ ಆ ತೊಟ್ಟಿನಲ್ಲಿ ಬಾವಿದೆ.

ಇದು ಹೇಗೆ ಕೆಲಸ ಮಾಡುತ್ತದೆ? ಕೆಚ್ಚಲಿಗೆ ರೋಗಾಣು ಹೊಕ್ಕಾಗ ಅದನ್ನು ಎದುರಿಸಲು ರಕ್ತದ ಬಿಳಿ ಕಣಗಳು ಹಾಲಿಗೆ ಬರುತ್ತವೆ. ಸೋಪು ಆ ಕಣಗಳನ್ನು ಒಡೆಯುತ್ತದೆ, ಒಳಗಿನ ಅಂಟು ಪದಾರ್ಥ ಹೊರಬಂದು ಲೋಳೆಯಾಗುತ್ತದೆ. ಕಣ ಹೆಚ್ಚಿದ್ದಷ್ಟೂ ಲೋಳೆ ಹೆಚ್ಚು. ನಾವು ಪಶುವೈದ್ಯರು ಬಳಸುವ ಕ್ಯಾಲಿಫೋರ್ನಿಯಾ ಪರೀಕ್ಷೆಯೂ ಇದೇ ತತ್ವದ್ದು. ಅದನ್ನು 1957ರಲ್ಲಿ ಶಾಮ್ ಮತ್ತು ನೂರ್‌ಲ್ಯಾಂಡರ್ ಎಂಬ ಇಬ್ಬರು ರೂಪಿಸಿದರು.

ಕೆಲವು ಎಚ್ಚರಿಕೆಗಳು. ಕರು ಹಾಕಿದ ಮೊದಲ ವಾರ, ಹಾಗೂ ಹಾಲು ಬತ್ತುವ ಕಾಲದಲ್ಲಿ ಬಾವಿಲ್ಲದಿದ್ದರೂ ನಾಲ್ಕೂ ಬಟ್ಟಲು ಗಟ್ಟಿಯಾಗಬಹುದು. ಆದ್ದರಿಂದ ಒಂದು ತೊಟ್ಟನ್ನು ಉಳಿದವುಗಳ ಜೊತೆ ಹೋಲಿಸಿ ನೋಡಿ. ಸೋಪು ಬೆರೆತ ಹಾಲನ್ನು ಚೆಲ್ಲಿ, ಆ ಬಟ್ಟಲುಗಳನ್ನು ಅಡುಗೆಗೆ ಬಳಸಬೇಡಿ. ಬಾವು ಕಂಡ ತೊಟ್ಟನ್ನು ಕೊನೆಯಲ್ಲಿ ಕರೆಯಿರಿ, ಆ ಹಾಲನ್ನು ಕ್ಯಾನಿಗೆ ಹಾಕಬೇಡಿ, ಕೈ ತೊಳೆದುಕೊಳ್ಳಿ, ಪಶುವೈದ್ಯರಿಗೆ ತಿಳಿಸಿ. ಕಳೆದ ಸಲ ಉಳಿದ ಟ್ಯೂಬನ್ನು ನೀವೇ ಏರಿಸಬೇಡಿ.

ಚಿಕಿತ್ಸೆ ಶುರುವಾದರೆ ವೈದ್ಯರು ಹೇಳಿದಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು, ಮನೆಯಲ್ಲೂ ಕುಡಿಯಬಾರದು. ಏಕೆ ಎಂಬುದು ಹೆಪ್ಪು ಹಾಕುವ ನಿಮಗೆ ಸುಲಭವಾಗಿ ತಿಳಿಯುತ್ತದೆ. ಆಂಟಿಬಯೋಟಿಕ್ ಇರುವ ಹಾಲು ಸರಿಯಾಗಿ ಮೊಸರಾಗುವುದಿಲ್ಲ. ರೋಗಾಣುವನ್ನು ಕೊಲ್ಲುವ ಔಷಧಿ ಹೆಪ್ಪಿನ ಒಳ್ಳೆಯ ಜೀವಾಣುವನ್ನೂ ಬಿಡುವುದಿಲ್ಲ. ಆದರೆ ಮೊಸರು ಕಟ್ಟಿತು ಎಂದ ಮಾತ್ರಕ್ಕೆ ಔಷಧಿ ಪೂರ್ತಿ ಹೋಗಿದೆ ಎಂದು ತಿಳಿಯಬೇಡಿ. ಅದಕ್ಕೆ ದಿನದ ಲೆಕ್ಕವೇ ಲೆಕ್ಕ. ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಎರಡು ಪಾತ್ರೆಗಳ ಪಂದ್ಯ

ಪಾತ್ರೆ ಚೆನ್ನಾಗಿ ತೊಳೆಯಿರಿ ಎಂದು ನಾವು ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಕೇಳಿ ಕೇಳಿ ನಿಮಗೂ ಬೇಸರವಾಗಿದೆ. ನಮ್ಮ ಮಾತು ಬಿಡಿ, ನೀವೇ ನೋಡಿ. ಒಂದೇ ಅಳತೆಯ ಎರಡು ಪಾತ್ರೆ ತೆಗೆದುಕೊಳ್ಳಿ. ಒಂದನ್ನು ಸೋಪು ಹಾಕಿ ಉಜ್ಜಿ, ಕುದಿಯುವ ನೀರಿನಲ್ಲಿ ಜಾಲಿಸಿ, ಬಿಸಿಲಿನಲ್ಲಿ ಬೋರಲು ಹಾಕಿ. ಇನ್ನೊಂದನ್ನು ತಣ್ಣೀರಿನಲ್ಲಿ ಅಲುಗಿಸಿ ಹಾಗೇ ಇಡಿ. ಒಂದೇ ಹಸುವಿನ, ಒಂದೇ ಹೊತ್ತಿನ ಹಾಲನ್ನು ಎರಡಕ್ಕೂ ಸಮನಾಗಿ ಹಾಕಿ ಮುಚ್ಚಿಡಿ. ನಾಲ್ಕು ಗಂಟೆಯಾದ ಮೇಲೆ ಗಂಟೆಗೊಮ್ಮೆ ಎರಡು ಚಮಚ ಹಾಲನ್ನು ಚಿಕ್ಕ ಸೌಟಿನಲ್ಲಿ ಕುದಿಸಿ ನೋಡಿ. ಯಾವುದು ಮೊದಲು ಒಡೆಯುತ್ತದೆ, ಎಷ್ಟು ಹೊತ್ತಿಗೆ ಎಂದು ಬರೆಯಿರಿ.

ಬೆಚ್ಚಗಿನ ಹಾಲಿನಲ್ಲಿ ಜೀವಾಣುಗಳು ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಅರ್ಧ ಗಂಟೆಗೊಮ್ಮೆ ಎಂದು ಹಿಡಿದರೂ ಮೂರು ಗಂಟೆಯಲ್ಲಿ ಒಂದು 64 ಆಗುತ್ತದೆ. ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ ಅವು ಬಹಳ ನಿಧಾನವಾಗುತ್ತವೆಯೇ ಹೊರತು ಸಾಯುವುದಿಲ್ಲ. ಆದ್ದರಿಂದ ಶೀತಲೀಕರಣ ಘಟಕಕ್ಕೆ ಬರುವ ಮೊದಲೇ ಹಾಲು ಶುದ್ಧವಾಗಿರಬೇಕು. ಒಬ್ಬರ ಕೊಳಕು ಕ್ಯಾನು ಊರಿನ ಹಾಲನ್ನೇ ಕೆಡಿಸಬಲ್ಲದು. ಈ ಪ್ರಯೋಗವನ್ನು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಮಾಡಿಸಿ. ಮರುದಿನದಿಂದ ಪಾತ್ರೆ ತೊಳೆದಿದ್ದೀಯಾ ಎಂದು ಅವರೇ ನಿಮ್ಮನ್ನು ಕೇಳುತ್ತಾರೆ.

ನೀರು, ಸಗಣಿ, ಟೇಪು

ಹಾಲಿನಲ್ಲಿ ಶೇ. 87ರಷ್ಟು ನೀರೇ. ಒಂದು ಲೀಟರ್ ಹಾಲಿಗೆ ಹಸುವಿಗೆ ಮೂರು ನಾಲ್ಕು ಲೀಟರ್ ನೀರು ಬೇಕು. ಒಂದು ವಾರ ಎಂದಿನಂತೆ ಹೊತ್ತು ಹೊತ್ತಿಗೆ ನೀರು ತೋರಿಸಿ, ಎಷ್ಟು ಬಕೆಟ್ ಕುಡಿಯಿತು, ಎಷ್ಟು ಹಾಲು ಕೊಟ್ಟಿತು ಬರೆಯಿರಿ. ಮರುವಾರ ಹಗಲೂ ರಾತ್ರಿ ಮುಂದೆ ನೀರು ಇರುವಂತೆ ನೋಡಿಕೊಳ್ಳಿ. ಮೇವು, ಹಿಂಡಿ ಬದಲಿಸಬೇಡಿ. ಎರಡು ವಾರದ ಲೆಕ್ಕ ಹೋಲಿಸಿ.

ಇದನ್ನು ಹೇಳಲು ನನಗೆ ಇನ್ನೊಂದು ಕಾರಣವಿದೆ. ಕೊಟ್ಟಿಗೆಗೆ ನೀರು ಹೊರುವವರು ನೀವು. ಹಸು ಹೆಚ್ಚು ಕುಡಿಯಲಿ ಎಂದರೆ ನೀವು ಹೆಚ್ಚು ಹೊರಬೇಕು. ಕೊಟ್ಟಿಗೆಗೆ ಒಂದು ಪೈಪು ಎಳೆಸಿ, ತೊಟ್ಟಿ ಕಟ್ಟಿಸಿ ಎಂದು ಮನೆಯಲ್ಲಿ ಬರೀ ಬಾಯಿಮಾತಿನಲ್ಲಿ ಕೇಳಿದರೆ "ಮುಂದಿನ ವರ್ಷ ನೋಡೋಣ" ಎನ್ನುತ್ತಾರೆ. ಎರಡು ವಾರದ ಹಾಲಿನ ಲೆಕ್ಕ, ಡೇರಿಯ ಚೀಟಿಗಳ ಸಮೇತ ಮುಂದಿಟ್ಟು ಕೇಳಿ ನೋಡಿ. ಬರೆದ ಅಂಕಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಸಗಣಿ ದಿನವೂ ನಿಮ್ಮ ಕೈಗೆ ಬರುತ್ತದೆ. ಹಳೆಯ ಜರಡಿಯಲ್ಲಿ ಒಂದೆರಡು ಹಿಡಿ ಸಗಣಿ ಹಾಕಿ, ಮೇಲೆ ನೀರು ಸುರಿದು ತೊಳೆಯಿರಿ. ಜೋಳದ ಇಡೀ ಕಾಳು ಉಳಿದರೆ ನೀವು ಕೊಟ್ಟ ಕಾಳು ಹಸುವಿಗೆ ದಕ್ಕದೆ ಹೊರಗೆ ಹೋಗುತ್ತಿದೆ, ನುಚ್ಚು ಮಾಡಿಸಿ ಕೊಡಿ. ಬೆರಳುದ್ದದ ಹುಲ್ಲಿನ ಎಳೆಗಳು ಬಹಳ ಇದ್ದರೆ ಜೀರ್ಣ ಸರಿಯಾಗಿಲ್ಲ, ನಮ್ಮನ್ನು ಕೇಳಿ.

ಇನ್ನು ಟೇಪು. ಜಂತುಹುಳು ಔಷಧಿಯ ಪ್ರಮಾಣ ಹಸುವಿನ ತೂಕದ ಮೇಲೆ ನಿಂತಿದೆ. ಕಡಿಮೆ ಕೊಟ್ಟರೆ ಹುಳು ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದುಕೊಳ್ಳಿ. ಭುಜದ ಮುಂತುದಿಯಿಂದ ಬಾಲದ ಪಕ್ಕದ ಚಪ್ಪೆ ಮೂಳೆಯ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 66 ಇಂಚು, ಉದ್ದ 56 ಇಂಚು ಇದ್ದರೆ ತೂಕ ಸುಮಾರು 370 ಕಿಲೋ. ಲೆಕ್ಕವನ್ನು ಮಗಳಿಗೋ ಮಗನಿಗೋ ಕೊಡಿ.

ಪ್ರಯೋಗ ಮಾಡಬಾರದವು

ಕೆಲವು ಕಡೆ ಕೈ ಹಾಕಲೇಬಾರದು.

ಹಾಲು ಉಪ್ಪಾಗಿದೆಯೇ ಎಂದು ಹಸಿ ಹಾಲನ್ನು ನಾಲಿಗೆಗೆ ಹಚ್ಚಿ ನೋಡಬೇಡಿ. ಬ್ರುಸೆಲ್ಲೋಸಿಸ್, ಕ್ಷಯದಂಥ ರೋಗಗಳು ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತವೆ. ಕಂದು ಹಾಕಿದ ಹಸುವಿನ ಕಸ, ಸತ್ತ ಕರು ಇವುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ಗರ್ಭಿಣಿಯರಂತೂ ಹತ್ತಿರವೂ ಹೋಗಬೇಡಿ.

ಮದುವೆ ಮನೆಯಲ್ಲಿ ಉಳಿದ ಅನ್ನ, ಪಾಯಸ ತಂದು ಹಸುವಿಗೆ ಒಮ್ಮೆಲೇ ಸುರಿಯಬೇಡಿ. ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಹಸು ಒಂದೆರಡು ದಿನದಲ್ಲಿ ಸಾಯಬಹುದು. ಮೇವು, ಆಹಾರದ ಯಾವ ಬದಲಾವಣೆಯೂ ವಾರ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಆಗಬೇಕು.

ಲಸಿಕೆ ಹಾಕಿಸದೆ ಏನಾಗುತ್ತದೆ ನೋಡೋಣ ಎಂಬ ಪ್ರಯೋಗ ಬೇಡ. ಕಾಲುಬಾಯಿ ಜ್ವರ ಬಂದರೆ ನಿಮ್ಮ ಕೊಟ್ಟಿಗೆಗಷ್ಟೇ ನಿಲ್ಲುವುದಿಲ್ಲ. ಇಂಜೆಕ್ಷನ್, ಆಂಟಿಬಯೋಟಿಕ್ ವೈದ್ಯರ ಕೆಲಸ.

ಅರ್ಧ ತಿಳಿವಳಿಕೆಯ ಭಯ

"ಹೆಂಗಸರಿಗೆ ಇಷ್ಟೆಲ್ಲ ಹೇಳಿಕೊಟ್ಟರೆ ಅವರೇ ಡಾಕ್ಟರಾಗಿಬಿಡುತ್ತಾರೆ" ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. "ಸಾರ್, ಹಸು ಮಂಕಾಗಿದೆ" ಎಂಬ ಫೋನಿಗೂ, "ನಿನ್ನೆ ಸಂಜೆಯಿಂದ ಮೇವು ಬಿಟ್ಟಿದೆ, ಥರ್ಮಾಮೀಟರಿನಲ್ಲಿ 104 ಡಿಗ್ರಿ ಇದೆ, ಹಿಂದಿನ ಬಲ ತೊಟ್ಟಿನ ಹಾಲು ಲೋಳೆ ಬಂತು" ಎಂಬ ಫೋನಿಗೂ ಎಷ್ಟು ವ್ಯತ್ಯಾಸ! ಹಸುವಿನ ಸಹಜ ಬಿಸಿ 101.5 ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸು. ಎರಡನೆಯ ಫೋನು ಬಂದಾಗ ಯಾವ ಔಷಧಿ ಚೀಲಕ್ಕೆ ಹಾಕಿಕೊಳ್ಳಬೇಕು, ಯಾರ ಮನೆಗೆ ಮೊದಲು ಹೋಗಬೇಕು ಎಂದು ನನಗೆ ಗೊತ್ತಾಗುತ್ತದೆ. ನೋಡಲು ಬಂದವರು ವೈದ್ಯರಾಗುವುದಿಲ್ಲ, ಆದರೆ ವೈದ್ಯನ ಅರ್ಧ ಕೆಲಸ ಹಗುರ ಮಾಡುತ್ತಾರೆ.

ಹಾಲಿನ ಪರೀಕ್ಷೆ ಯಾಕೆ ಹುಟ್ಟಿತು ಎಂಬುದನ್ನೂ ನೆನೆಯಬೇಕು. ಹಿಂದೆ ಅಮೆರಿಕದಲ್ಲೂ ಹಾಲಿಗೆ ಬರೀ ತೂಕದ ಮೇಲೆ ದುಡ್ಡು ಕೊಡುತ್ತಿದ್ದರು. ನೀರು ಬೆರೆಸಿದವರಿಗೂ, ಕೆನೆ ತೆಗೆದವರಿಗೂ, ಪ್ರಾಮಾಣಿಕರಿಗೂ ಒಂದೇ ದರ. 1890ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್ ಫ್ಯಾಟ್ ಅಳೆಯುವ ಸುಲಭ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ ಪೇಟೆಂಟ್ ಮಾಡಿಸಿಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಪ್ರಾಮಾಣಿಕ ರೈತನಿಗೆ ನ್ಯಾಯ ಸಿಗಲು ಪರೀಕ್ಷೆ ಬಂತು. ಇಂದು ಅದೇ ಪರೀಕ್ಷೆ ಪ್ರಾಮಾಣಿಕ ಹೆಣ್ಣುಮಗಳನ್ನು ಹೆದರಿಸುವಂತಾದರೆ, ಅದರ ಅರ್ಥ ಆಕೆಗೆ ತಿಳಿಯದಂತೆ ಇಟ್ಟಿದ್ದೇವೆ ಎಂದೇ ಲೆಕ್ಕ.

ಆದ್ದರಿಂದ ಸಂಘಗಳಿಗೆ ನನ್ನ ಕೋರಿಕೆ ಮೂರು. ತಿಂಗಳ ಸಭೆಯಲ್ಲಿ ಅರ್ಧ ಗಂಟೆ ಒಂದು ಪರೀಕ್ಷೆಗೆ ಮೀಸಲಿಡಿ. ಭಾಷಣ ಬೇಡ, ಸದಸ್ಯೆಯರ ಕೈಯಲ್ಲೇ ಮಾಡಿಸಿ. ಲ್ಯಾಕ್ಟೋಮೀಟರ್, ಥರ್ಮಾಮೀಟರ್, ಟೇಪು ಒಂದೊಂದು ಸೆಟ್ ಸಂಘದಲ್ಲಿಟ್ಟು, ಬೇಕಾದವರು ಮನೆಗೆ ಒಯ್ದು ತರುವಂತೆ ಮಾಡಿ. ಯಾವ ಸದಸ್ಯೆ ತನ್ನ ಹಾಲನ್ನು ಮತ್ತೊಮ್ಮೆ ಪರೀಕ್ಷಿಸಿ ಎಂದು ಕೇಳಿದರೂ ಬೇಸರಿಸದೆ ಅವರೆದುರೇ ಮಾಡಿ ತೋರಿಸಿ.

ನಿಮಗೆ ನನ್ನ ಕೋರಿಕೆ ಒಂದೇ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಬೆಳಗಿನಿಂದ ರಾತ್ರಿಯವರೆಗೆ ನಿಮಗೆ ಎಷ್ಟು ಕೆಲಸ ಎಂದು ನನಗೆ ತಿಳಿದಿದೆ. ನಾಳೆ ಬೆಳಿಗ್ಗೆ ಕಪ್ಪು ಬಟ್ಟೆ ಕಟ್ಟಿದ ಲೋಟದಿಂದ ಶುರು ಮಾಡಿ. ಎರಡೇ ನಿಮಿಷ. ಮುಂದಿನ ಭಾನುವಾರ ಸೋಪಿನ ಪುಡಿ. ಕಂಡದ್ದನ್ನು ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆಯಿರಿ. ನಾನು ನಿಮ್ಮ ಕೊಟ್ಟಿಗೆಗೆ ಬಂದಾಗ ಮೊದಲು ಆ ಕ್ಯಾಲೆಂಡರ್ ತೋರಿಸಿ, ಹಸುವನ್ನು ಆಮೇಲೆ ನೋಡೋಣ.

— ಪಶುವೈದ್ಯಾಧಿಕಾರಿ